ಹೊಸ ನಾಡಿನ ಮೊದಲ ಸರಕಾರ ಮತ್ತು ಕಡೆಯ ಮನೆಯ ಅಹವಾಲು

ಲಕ್ಷ್ಮೇಶ್ವರದಲ್ಲಿ 1940ರ ಸುಮಾರಿಗೆ ಹುಟ್ಟಿ, ಇಂದಿಗೂ ಅದೇ ಓಣಿಯ ಅದೇ ಮನೆಯಲ್ಲಿ ಬಾಳುತ್ತಿರುವ ಹಿರಿಯರೊಬ್ಬರನ್ನು ಮನಸ್ಸಿಗೆ ತಂದುಕೊಳ್ಳಿರಿ. ಹುಟ್ಟಿದಾಗ ಅವರು ಮಿರಜ್ ಸಂಸ್ಥಾನದ ಪ್ರಜೆ. 1948ರ ಮಾರ್ಚ್ ತಿಂಗಳಲ್ಲಿ ದಕ್ಷಿಣದ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅವರು ಮುಂಬಯಿ ಸರಕಾರದ ಆಡಳಿತಕ್ಕೆ ಒಳಪಟ್ಟರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವರಾದರು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿದಾಗ ಗದಗ ಜಿಲ್ಲೆಯವರಾದರು. 2018ರಲ್ಲಿ ಶಿರಹಟ್ಟಿ ತಾಲೂಕಿನಿಂದ ಬೇರ್ಪಟ್ಟು ಲಕ್ಷ್ಮೇಶ್ವರ ತಾಲೂಕಿನವರಾದರು. ಇಷ್ಟೆಲ್ಲ ಆದರೂ ಅವರು ಮನೆಯ ಹೊಸ್ತಿಲನ್ನು ಬದಲಿಸಿದವರಲ್ಲ. ಬದಲಾದುದು ಅರ್ಜಿಯ ತಲೆಬರಹ ಮತ್ತು ಅರ್ಜಿ ಹಿಡಿದು ನಡೆಯಬೇಕಾದ ದಾರಿ.

ನೆರೆಯ ಶಿರಹಟ್ಟಿಯ ಕಥೆಯೂ ಇಂಥದೇ. ಅದು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮುಂಡರಗಿಯ ಕಥೆ ಇನ್ನೊಂದು ಬಗೆಯದು. 1947ರ ಆಗಸ್ಟ್ 15ರಂದು ಮುಂಡರಗಿಯಲ್ಲಿ ತ್ರಿವರ್ಣ ಧ್ವಜ ಏರಿತು. ಆದರೆ ಪೂರ್ವಕ್ಕೆ ಕೆಲವೇ ಮೈಲುಗಳಾಚೆಗಿನ ಹಳ್ಳಿಗಳು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿಯೇ ಉಳಿದವು. ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿಯು ಗಡಿ ಶಿಬಿರವಾಗಿ, ನೆರೆಯವರ ಬಿಡುಗಡೆಗಾಗಿ 1948ರ ಸೆಪ್ಟೆಂಬರ್ ತನಕ ಹೋರಾಡಿತು. ಗದಗ-ಬೆಟಗೇರಿಯಂತೂ ನಾಡು ಒಂದಾಗಬೇಕೆಂಬ ಕನಸಿಗೆ ಹಾಡನ್ನೇ ಕೊಟ್ಟ ಊರು. ಗದುಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ಗೀತೆಯು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಸಭೆಯಲ್ಲಿ ಮೊಳಗಿತು.

ಹೀಗೆ ಈ ನಾಲ್ಕು ಊರುಗಳ ಜನರಿಗೆ ಹೊಸ ಸರಕಾರವೆಂಬುದು ಪುಸ್ತಕದ ಮಾತಲ್ಲ. ಒಂದೇ ಜೀವಮಾನದಲ್ಲಿ ಹಲವು ಬಾರಿ ಉಂಡ ಅನುಭವ. ಆದುದರಿಂದ ಹೊಸ ನಾಡೊಂದು ತನ್ನ ಮೊದಲ ಸರಕಾರವನ್ನು ಕಟ್ಟುವಾಗ ಎದುರಾಗುವ ತೊಡಕುಗಳೇನು, ಅವುಗಳಲ್ಲಿ ಎಷ್ಟು ಬಗೆಹರಿದವು, ಎಷ್ಟು ಉಳಿದವು, ಅದರಲ್ಲಿ ಕಥೋಲಿಕ ಕುಟುಂಬಗಳಾದ ನಮ್ಮ ಪಾಲೇನು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಐದು ಮನೆಗಳ ಒಂದು ಕುಟುಂಬ

1953ರ ಡಿಸೆಂಬರಿನಲ್ಲಿ ಭಾರತ ಸರಕಾರ ನೇಮಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸಿತು. ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರು ಸದಸ್ಯರು. ಅದಕ್ಕೂ ಮೊದಲು ನಮ್ಮ ಭಾಗದಲ್ಲಿ ಬಹಳ ತಳಮಳ ನಡೆದಿತ್ತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕೈಗೊಂಡ ಉಪವಾಸ, ಅದರ ಬೆನ್ನಿಗೆ ಹುಬ್ಬಳ್ಳಿಯಲ್ಲಿ ಎದ್ದ ಗಲಭೆ, ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ಮುಂಬಯಿ ಶಾಸನಸಭೆಯ ಸ್ಥಾನವನ್ನು ತೊರೆದುದು, ಇವೆಲ್ಲವೂ ಹಿರಿಯರ ನೆನಪಿನಲ್ಲಿ ಉಳಿದ ಸಂಗತಿಗಳು.

1956ರ ನವೆಂಬರ್ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಹಳೆಯ ಮೈಸೂರು, ಮುಂಬಯಿ ಪ್ರಾಂತದ ಧಾರವಾಡ, ಬಿಜಾಪುರ, ಬೆಳಗಾವಿ ಮತ್ತು ಉತ್ತರ ಕನ್ನಡ, ಹೈದರಾಬಾದಿನ ಗುಲ್ಬರ್ಗ, ರಾಯಚೂರು ಮತ್ತು ಬೀದರ, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು. ಹೀಗೆ ಐದು ಮನೆಗಳು ಒಂದೇ ಸೂರಿನಡಿ ಬಂದವು. ಹತ್ತು ಜಿಲ್ಲೆಗಳಿದ್ದ ರಾಜ್ಯ ಹತ್ತೊಂಬತ್ತು ಜಿಲ್ಲೆಗಳ ರಾಜ್ಯವಾಯಿತು. ಕಾಸರಗೋಡು ಹೊರಗುಳಿದ ನೋವು ಅಂದೇ ಹುಟ್ಟಿ ಇಂದಿಗೂ ಮಾಯದೆ ಇದೆ.

ಸರಕಾರ ರಚನೆಯ ಮೊದಲ ತೊಡಕು ಮುಖ್ಯಮಂತ್ರಿ ಯಾರೆಂಬುದು. ಏಕೀಕರಣವಾದರೆ ತಮ್ಮ ಸುಭದ್ರ ಆಡಳಿತ ಹಾಗೂ ಬೊಕ್ಕಸ ಬಡ ಜಿಲ್ಲೆಗಳ ಪಾಲಾದೀತೆಂಬ ಅಂಜಿಕೆ ಹಳೆಯ ಮೈಸೂರಿನ ಅನೇಕರಲ್ಲಿತ್ತು. ಆ ಅಂಜಿಕೆಗೆ ಎದುರಾಗಿ ನಿಂತು ಏಕೀಕರಣವನ್ನು ಬೆಂಬಲಿಸಿದ ಕೆಂಗಲ್ ಹನುಮಂತಯ್ಯನವರು 1956ರ ಆಗಸ್ಟಿನಲ್ಲಿ, ಹೊಸ ರಾಜ್ಯ ಉದಯಿಸುವ ಎರಡೂವರೆ ತಿಂಗಳ ಮೊದಲೇ, ಅಧಿಕಾರ ಕಳೆದುಕೊಂಡರು. ಅವರ ನಂತರ ಬಂದ ಕಡಿದಾಳ್ ಮಂಜಪ್ಪನವರು ಅಕ್ಟೋಬರ್ ಕೊನೆಯವರೆಗೆ ಆಡಳಿತ ನಡೆಸಿ, ನಿಜಲಿಂಗಪ್ಪನವರಿಗೆ ದಾರಿ ಬಿಟ್ಟುಕೊಟ್ಟರು. ಮನೆ ಕಟ್ಟಲು ಒಪ್ಪಿದವರಿಗೆ ಗೃಹಪ್ರವೇಶದ ದಿನ ಯಜಮಾನಿಕೆ ದೊರೆಯಲಿಲ್ಲ. ಅಧಿಕಾರವನ್ನು ಬಿಟ್ಟುಕೊಡಬಲ್ಲವರು ಇಲ್ಲದಿದ್ದರೆ ಹೊಸ ನಾಡಿನ ಮೊದಲ ಸರಕಾರ ಮೊದಲ ದಿನವೇ ಮುಗ್ಗರಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಐದೂ ಕಡೆಯ ಪ್ರತಿನಿಧಿಗಳನ್ನು ಒಳಗೊಂಡ ವಿಧಾನಸಭೆಯು 1956ರ ಡಿಸೆಂಬರ್ 19ರಂದು, ಆಗಷ್ಟೇ ಕಟ್ಟಿ ಮುಗಿಸಿದ್ದ ವಿಧಾನಸೌಧದಲ್ಲಿ ಮೊದಲ ಬಾರಿ ಸೇರಿತು. ಬೇರೆ ಬೇರೆ ಶಾಸನಸಭೆಗಳಿಗೆಂದು ಆಯ್ಕೆಯಾಗಿದ್ದವರು ಒಂದೇ ಸಭಾಗೃಹದಲ್ಲಿ ಕುಳಿತರು. ಹುನಗುಂದದ ಎಸ್. ಆರ್. ಕಂಠಿಯವರು ಸಭಾಧ್ಯಕ್ಷರಾದರು. 1957ರ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ 150ನ್ನು ಗೆದ್ದ ಕಾಂಗ್ರೆಸ್ ಪಕ್ಷದಿಂದ ಜನರ ಮುದ್ರೆ ಬಿದ್ದ ಸರಕಾರ ಬಂದಿತು. ಹೊರನೋಟಕ್ಕೆ ಸರಕಾರ ರಚನೆಯ ಕಾರ್ಯ ಅಲ್ಲಿಗೆ ಮುಗಿದಿತ್ತು. ನಿಜವಾದ ಕೆಲಸ ಆಮೇಲೆಯೇ ಆರಂಭವಾಯಿತು.

ಕಾನೂನು, ನೌಕರಿ, ನಂಬಿಕೆ

ಮಂತ್ರಿಮಂಡಲ ಒಂದೇ ಆದರೂ ಕಾನೂನು ಒಂದಾಗಿರಲಿಲ್ಲ. ಪುನರ್ವಿಂಗಡಣಾ ಕಾಯಿದೆಯ ಪ್ರಕಾರ, ಬದಲಾಯಿಸುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನು ಆಯಾ ಪ್ರದೇಶದಲ್ಲಿ ನಡೆಯತಕ್ಕದ್ದು. ಬೆಂಗಳೂರಿನಲ್ಲಿ ಸರಕಾರವಿದ್ದರೂ ಗದುಗಿನ ರೈತನ ಹೊಲಕ್ಕೆ 1879ರ ಮುಂಬಯಿ ಭೂಕಂದಾಯ ಸಂಹಿತೆಯೇ ಅನ್ವಯಿಸುತ್ತಿತ್ತು. ಗೇಣಿದಾರನ ಹಕ್ಕುಗಳಿಗೆ ಇಲ್ಲಿ 1948ರ ಮುಂಬಯಿ ಕಾಯಿದೆ, ಕೊಪ್ಪಳದಲ್ಲಿ 1950ರ ಹೈದರಾಬಾದ್ ಕಾಯಿದೆ, ಹಳೆಯ ಮೈಸೂರಿನಲ್ಲಿ 1952ರ ಇನ್ನೊಂದು ಕಾಯಿದೆ. ತಾಲೂಕಿನ ಅಧಿಕಾರಿಗೆ ನಮ್ಮಲ್ಲಿ ಮಾಮಲೇದಾರರೆಂದು, ಮೈಸೂರಿನಲ್ಲಿ ಅಮಲ್ದಾರರೆಂದು, ಹೈದರಾಬಾದಿನ ಜಿಲ್ಲೆಗಳಲ್ಲಿ ತಹಸೀಲ್ದಾರರೆಂದು ಹೆಸರು. ಜಿಲ್ಲೆಯ ದೊರೆ ನಮಗೆ ಕಲೆಕ್ಟರ್ ಸಾಹೇಬರು. ಮೈಸೂರಿನವರಿಗೆ ಡೆಪ್ಯುಟಿ ಕಮಿಷನರು. ನಮ್ಮ ತಲಾಟಿ ಬರೆಯುತ್ತಿದ್ದ ದಫ್ತರ ಅವರ ಶಾನುಭೋಗರಿಗೆ ಹೊಸದು; ಅವರ ಕಡತದ ಪರಿಭಾಷೆ ನಮ್ಮವರಿಗೆ ಅಪರಿಚಿತ.

ಪಾನನಿರೋಧದ ವಿಷಯವನ್ನೇ ನೋಡಿರಿ. ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಲ್ಲಿ 1949ರ ಕಾಯಿದೆಯಂತೆ ಸಂಪೂರ್ಣ ನಿಷೇಧವಿತ್ತು. ಬಲಿಪೂಜೆಯ ದ್ರಾಕ್ಷಾರಸಕ್ಕೂ ಸರಕಾರದ ಅನುಮತಿ ಬೇಕೆಂದು ಆ ಕಾಯಿದೆಯಲ್ಲಿ ಪ್ರತ್ಯೇಕ ವಿಧಿಯೇ ಇತ್ತು. ಆದರೆ ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ಅಂತಹ ನಿಷೇಧವಿರಲಿಲ್ಲ. ಒಂದೇ ರಾಜ್ಯ, ಒಂದೇ ಸರಕಾರ. ಆದರೆ ಮುಂಡರಗಿಯಲ್ಲಿ ಅಪರಾಧವೆನಿಸಿದ್ದು ನೆರೆಯ ಕೊಪ್ಪಳ ಸೀಮೆಯಲ್ಲಿ ಅಪರಾಧವಲ್ಲ! ಇಂಥ ವೈಪರೀತ್ಯಗಳನ್ನು ಒಂದೊಂದಾಗಿ ಬಿಡಿಸಲು ವರ್ಷಗಳು ಬೇಕಾದವು. ಗ್ರಾಮ ಪಂಚಾಯತಿಗಳಿಗೆ ಹಾಗೂ ಸಹಕಾರ ಸಂಘಗಳಿಗೆ 1959ರಲ್ಲಿ ಏಕರೂಪದ ಶಾಸನಗಳು ಬಂದವು. ಭೂಸುಧಾರಣೆಯ ಶಾಸನ 1961ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಭೂಕಂದಾಯ ಶಾಸನ ಬರಲು 1964 ಆಗಬೇಕಾಯಿತು. ಒಂದು ಸರಕಾರ ಒಂದೇ ದಿನದಲ್ಲಿ ಪ್ರಮಾಣವಚನ ಸ್ವೀಕರಿಸಬಹುದು. ಒಂದೇ ಕಾನೂನಿನ ನಾಡಾಗಲು ಎಂಟು ವರ್ಷಗಳು ಹಿಡಿದವು.

ಎರಡನೆಯ ತೊಡಕು ನೌಕರಿಯದು. ಐದು ಆಡಳಿತಗಳಿಂದ ಬಂದ ಗುಮಾಸ್ತರು, ಶಿಕ್ಷಕರು, ಇಂಜಿನಿಯರರು, ಪೊಲೀಸರು ಒಂದೇ ಸೇವೆಗೆ ಸೇರಿದರು. ಅವರ ಸಂಬಳದ ಶ್ರೇಣಿ ಬೇರೆ, ಹುದ್ದೆಯ ಹೆಸರು ಬೇರೆ, ಬಡ್ತಿಯ ನಿಯಮ ಬೇರೆ. ಯಾರು ಹಿರಿಯರು, ಯಾರು ಕಿರಿಯರು? ಯಾವ ಹುದ್ದೆ ಯಾವ ಹುದ್ದೆಗೆ ಸಮಾನ? ಜೇಷ್ಠತಾ ಪಟ್ಟಿಗಳು ಸಿದ್ಧವಾದವು, ಆಕ್ಷೇಪಣೆಗಳು ಬಂದವು, ಪಟ್ಟಿಗಳು ತಿದ್ದಲ್ಪಟ್ಟವು, ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. ದೂರದ ಕಚೇರಿಯಲ್ಲಿ ಕುಳಿತು ಪಟ್ಟಿ ಬರೆಯುವವನಿಗೆ ಅದೊಂದು ಸಂಖ್ಯೆ. ಬಡ್ತಿ ತಪ್ಪಿದ ಗುಮಾಸ್ತನ ಮನೆಯಲ್ಲಿ ಅದು ಮಗಳ ಮದುವೆ, ಮಗನ ಓದು, ನೆರೆಹೊರೆಯಲ್ಲಿನ ಮರ್ಯಾದೆ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದುದು, ನಂಬಿಕೆ. ಹದಿನೇಳು ವರ್ಷಗಳ ಕಾಲ ನಾಡಿನ ಹೆಸರು ಮೈಸೂರು ಎಂದೇ ಉಳಿಯಿತು. ಏಕೀಕರಣಕ್ಕಾಗಿ ಲಾಠಿಯ ಪೆಟ್ಟು ತಿಂದ ಧಾರವಾಡ ಜಿಲ್ಲೆಯವನಿಗೆ ತಾನು ಹೊಸ ಮನೆಯ ಮಗನೋ ಅಥವಾ ಹಳೆಯ ಮನೆಗೆ ಬಂದ ಅತಿಥಿಯೋ ಎಂಬ ಶಂಕೆ ಮೂಡಿದ್ದರೆ ಅದು ಅಸಹಜವಲ್ಲ. ನ್ಯಾಯ ಬೇಡಿ ಹೋಗುವ ದಾರಿಯನ್ನೇ ನೋಡಿ. ಮೊದಲು ಮುಂಬಯಿಯ ಹೈಕೋರ್ಟು ದೂರವಾಗಿತ್ತು. ಆಮೇಲೆ ಬೆಂಗಳೂರಿನ ಹೈಕೋರ್ಟಿಗಾಗಿ ಗದುಗಿನವನು ನಾನೂರಕ್ಕೂ ಹೆಚ್ಚು ಕಿಲೋಮೀಟರು ಪಯಣಿಸಬೇಕಾಯಿತು. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದುದು 2008ರ ಜುಲೈ ತಿಂಗಳಲ್ಲಿ. ಅದು ಖಾಯಂ ಆದುದು 2013ರ ಆಗಸ್ಟಿನಲ್ಲಿ. ನಾಡು ಒಂದಾಗಿ ಅರ್ಧ ಶತಮಾನ ಸಂದ ಮೇಲೆ ನ್ಯಾಯಾಲಯ ನೂರು ಕಿಲೋಮೀಟರಿನೊಳಗೆ ಬಂದಿತು.

ಪವಿತ್ರ ಗ್ರಂಥದಲ್ಲಿ ಮೂರು ಸರಕಾರಗಳು

ಹೊಸ ಜನಾಂಗವೊಂದರ ಮೊದಲ ಆಡಳಿತದ ಕಥೆ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ವಿಮೋಚನಾಕಾಂಡದ ಹದಿನೆಂಟನೆಯ ಅಧ್ಯಾಯವನ್ನು ತೆರೆಯಿರಿ. ಈಜಿಪ್ಟಿನ ದಾಸ್ಯದಿಂದ ಆಗಷ್ಟೇ ಬಿಡುಗಡೆ ಹೊಂದಿದ ಜನ ಬೆಳಗಿನಿಂದ ಸಂಜೆಯವರೆಗೂ ಮೋಶೆಯ ಸುತ್ತ ನಿಂತಿದ್ದಾರೆ. ಎಲ್ಲ ವ್ಯಾಜ್ಯಗಳನ್ನೂ ಒಬ್ಬನೇ ತೀರ್ಮಾನಿಸುತ್ತಿದ್ದಾನೆ. ಅದನ್ನು ಕಂಡ ಮಾವ ಇತ್ರೋ, ಹೀಗಾದರೆ ನೀನೂ ದಣಿಯುವೆ, ಜನರೂ ದಣಿಯುವರು ಎಂದು ಎಚ್ಚರಿಸುತ್ತಾನೆ. ದೇವರಿಗೆ ಅಂಜುವ, ಲಂಚಕ್ಕೆ ಹೇಸುವ ಸಮರ್ಥರನ್ನು ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ನೇಮಿಸುವಂತೆ ಸೂಚಿಸುತ್ತಾನೆ. ಈ ಬುದ್ಧಿ ಹೇಳಿದವನು ಇಸ್ರಯೇಲಿನವನಲ್ಲ, ಮಿದ್ಯಾನಿನವನು. ಹೊರಗಿನವನ ಮಾತೆಂದು ಮೋಶೆ ತಳ್ಳಿಹಾಕಲಿಲ್ಲ. ಕಟ್ಟಕಡೆಯ ಹತ್ತು ಮಂದಿಗೂ ಒಬ್ಬ ಆಲಿಸುವವನಿರಬೇಕೆಂಬುದೇ ಅಲ್ಲಿನ ತಿರುಳು. ಜಗದ್ಗುರು ಹನ್ನೊಂದನೆಯ ಪಿಯೂಸರು 1931ರ ತಮ್ಮ ವಿಶ್ವಪರಿಪತ್ರದಲ್ಲಿ, ಕೆಳಗಿನ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ಮೇಲಿನ ಅಧಿಕಾರ ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದುದು ಇದೇ ತತ್ತ್ವವನ್ನು.

ಎರಡನೆಯ ಕಥೆ ಅರಸುಗಳು ಪ್ರಥಮ ಭಾಗದ ಹನ್ನೆರಡನೆಯ ಅಧ್ಯಾಯದಲ್ಲಿದೆ. ಸೊಲೊಮೋನನ ಮರಣಾನಂತರ ಉತ್ತರದ ಕುಲಗಳು ಶೆಕೆಮಿನಲ್ಲಿ ನೆರೆದು, ತಂದೆ ಹೊರಿಸಿದ ನೊಗವನ್ನು ಹಗುರ ಮಾಡೆಂದು ರೆಹಬ್ಬಾಮನನ್ನು ಬೇಡಿದವು. ಹಿರಿಯರು ಜನರ ಸೇವಕನಾಗೆಂದರು. ಜೊತೆಗೆ ಬೆಳೆದ ಯುವಕರು ಇನ್ನೂ ಬಿಗಿ ಮಾಡೆಂದರು. ಅರಸನು ಯುವಕರ ಮಾತಿಗೆ ಕಿವಿಗೊಟ್ಟು ರಾಜ್ಯವನ್ನೇ ಕಳೆದುಕೊಂಡನು. ಉತ್ತರದವರು ಮೊದಲು ಕೇಳಿದ್ದು ಪ್ರತ್ಯೇಕ ರಾಜ್ಯವನ್ನಲ್ಲ, ಹಗುರವಾದ ನೊಗವನ್ನು ಎಂಬುದನ್ನು ನಮ್ಮ ನಾಯಕರು ಮರೆಯಬಾರದು. ಪ್ರತ್ಯೇಕ ರಾಜ್ಯದ ಕೂಗು ಉತ್ತರ ಕರ್ನಾಟಕದಲ್ಲಿ ಆಗಾಗ ಏಳುವುದುಂಟು. ಆ ಕೂಗಿಗೆ ನಾವು ದನಿಗೂಡಿಸಬೇಕಿಲ್ಲ. ಆದರೆ ಅದರ ಹಿಂದಿನ ಮೊದಲ ಬೇಡಿಕೆ ಏನಿತ್ತೆಂದು ಆಲಿಸದೆ ಅದನ್ನು ಬರಿದೇ ಖಂಡಿಸುವುದೂ ರೆಹಬ್ಬಾಮನ ದಾರಿಯೇ.

ಮೂರನೆಯದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ. ಜೆರುಸಲೇಮಿನ ಮೊದಲ ಕ್ರೈಸ್ತ ಸಮುದಾಯದಲ್ಲಿ ಗ್ರೀಕ್ ಭಾಷೆಯವರ ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಅಲಕ್ಷ್ಯವಾಗುತ್ತಿದೆಯೆಂಬ ಗೊಣಗಾಟ ಎದ್ದಿತು. ಧರ್ಮಸಭೆಯ ಮೊದಲ ಆಡಳಿತ ಸಮಸ್ಯೆ ಭಾಷೆ ಹಾಗೂ ಹಂಚಿಕೆಯದೇ ಆಗಿತ್ತೆಂಬುದು ಗಮನಾರ್ಹ. ಪ್ರೇಷಿತರು ದೂರಿದವರನ್ನು ಗದರಲಿಲ್ಲ. ಏಳು ಮಂದಿಯನ್ನು ಆರಿಸಿರೆಂದರು. ಸ್ತೇಫನನಿಂದ ನಿಕೊಲಾಯನವರೆಗೆ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು! ಅಲಕ್ಷ್ಯಕ್ಕೆ ಒಳಗಾದವರ ಕೈಗೇ ಹಂಚಿಕೆಯ ಸೌಟನ್ನು ಕೊಟ್ಟರು. ಇದಕ್ಕಿಂತ ಜಾಣತನದ ಸರಕಾರ ರಚನೆ ಲೋಕದಲ್ಲಿ ಅಪರೂಪ.

ಲೋಕದ ಎರಡು ಎಚ್ಚರಿಕೆಗಳು

ಈ ಜಾಣತನ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲಿಯೇ ಎರಡು ಉದಾಹರಣೆಗಳಿವೆ. ಎರಡೂ ಕಡೆ ಕಥೋಲಿಕರು ದೊಡ್ಡ ಸಂಖ್ಯೆಯಲ್ಲಿರುವುದರಿಂದ ನಮಗೆ ಅವು ಇನ್ನೂ ಹತ್ತಿರದವು. ಪೂರ್ವ ತಿಮೋರ್ 2002ರ ಮೇ 20ರಂದು ಸ್ವತಂತ್ರವಾಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪಶ್ಚಿಮ ಜಿಲ್ಲೆಗಳ ಸೈನಿಕರು, ಬಡ್ತಿಯಲ್ಲಿ ಪೂರ್ವದವರಿಗೆ ಪಕ್ಷಪಾತವಾಗುತ್ತಿದೆ ಎಂದು ಅಹವಾಲು ಸಲ್ಲಿಸಿದರು. ಅಹವಾಲು ಆಲಿಸುವ ಬದಲು ಸುಮಾರು ಆರುನೂರು ಮಂದಿಯನ್ನು ಸೇವೆಯಿಂದ ತೆಗೆದುಹಾಕಲಾಯಿತು. 2006ರಲ್ಲಿ ರಾಜಧಾನಿ ದಿಲಿ ಹೊತ್ತಿ ಉರಿಯಿತು, ಸರಕಾರ ಕುಸಿಯಿತು. ನಮ್ಮಲ್ಲಿ ನ್ಯಾಯಾಲಯಕ್ಕೆ ಹೋದ ಜೇಷ್ಠತೆಯ ಜಗಳ ಅಲ್ಲಿ ಬೀದಿಗೆ ಬಂದಿತು.

ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾಯಿತು. ಅಧ್ಯಕ್ಷ ಮತ್ತು ಉಪಾಧ್ಯಕ್ಷರ ನಡುವಣ ಪೈಪೋಟಿ 2013ರ ಡಿಸೆಂಬರಿನಲ್ಲಿ ಜನಾಂಗೀಯ ಅಂತರ್ಯುದ್ಧವಾಗಿ ಸ್ಫೋಟಿಸಿತು. 2019ರ ಏಪ್ರಿಲಿನಲ್ಲಿ ಆ ನಾಯಕರನ್ನು ವ್ಯಾಟಿಕನ್ನಿಗೆ ಕರೆಸಿಕೊಂಡ ದಿವಂಗತ ಪೋಪ್ ಫ್ರಾನ್ಸಿಸರು, ವೃದ್ಧಾಪ್ಯವನ್ನೂ ಲೆಕ್ಕಿಸದೆ ಬಾಗಿ ಅವರ ಪಾದಗಳಿಗೆ ಮುತ್ತಿಟ್ಟು ಶಾಂತಿಯನ್ನು ಬೇಡಿದರು. ಅಧಿಕಾರ ಹಂಚಿಕೊಳ್ಳಲಾರದ ಕೈಗಳ ಮುಂದೆ ಜಗದ್ಗುರುಗಳೇ ಮಣಿಯಬೇಕಾಯಿತೆಂಬ ಆ ಚಿತ್ರ ಯಾವ ರಾಜಕಾರಣಿಯೂ ಮರೆಯಬಾರದ ಚಿತ್ರ.

ಇವುಗಳೊಡನೆ ಹೋಲಿಸಿದರೆ 1956ರ ನಮ್ಮ ನಾಡು ಧನ್ಯ. ಐದು ಮನೆಗಳ ಜಗಳ ಸಭಾಗೃಹದಲ್ಲಿ, ಪತ್ರಿಕೆಗಳಲ್ಲಿ, ನ್ಯಾಯಾಲಯಗಳಲ್ಲಿ ನಡೆಯಿತು. ಅದಕ್ಕಾಗಿ ಅಂದಿನ ನಾಯಕರಿಗೆ, ಅವರ ಕೊರತೆಗಳನ್ನು ಮರೆಯದೆಯೇ, ನಾವು ಕೃತಜ್ಞರಾಗಿರಬೇಕು.

ನಮ್ಮ ಕಡೆಯವರು ಮುಖ್ಯಮಂತ್ರಿಯಾದರೆ ಸಾಕೇ?

ನಮ್ಮ ಭಾಗಕ್ಕೆ ಅನ್ಯಾಯವಾಗಿದೆ, ನಮ್ಮವರೊಬ್ಬರು ಮುಖ್ಯಮಂತ್ರಿಯಾದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತು ಗದುಗಿನ ಚಹಾದಂಗಡಿಯಿಂದ ಮುಂಡರಗಿಯ ಸಂತೆಯವರೆಗೂ ಕೇಳಿಬರುತ್ತದೆ. ಇತಿಹಾಸ ಇದನ್ನು ಪೂರ್ತಿ ಒಪ್ಪುವುದಿಲ್ಲ. ಹೊಸ ರಾಜ್ಯ ಹುಟ್ಟಿ ಎರಡು ವರ್ಷ ತುಂಬುವ ಮೊದಲೇ, 1958ರ ಮೇ ತಿಂಗಳಲ್ಲಿ, ಜಮಖಂಡಿಯ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. ಅನಂತರ ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲ, ಎಸ್. ಆರ್. ಬೊಮ್ಮಾಯಿ, ಜಗದೀಶ ಶೆಟ್ಟರ, ಬಸವರಾಜ ಬೊಮ್ಮಾಯಿಯವರು ಉತ್ತರದಿಂದ ಬಂದು ಆ ಸ್ಥಾನದಲ್ಲಿ ಕುಳಿತರು. ಆದರೂ 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಒಪ್ಪಿಸಿದಾಗ, ರಾಜ್ಯದ 175 ತಾಲೂಕುಗಳಲ್ಲಿ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಬೇಕಾಯಿತು. ಹಿಂದುಳಿದ ತಾಲೂಕುಗಳು ದಕ್ಷಿಣದಲ್ಲಿಯೂ ಇದ್ದವು. ಮುಖ್ಯಮಂತ್ರಿಯ ಊರಿಗಿಂತ ಆಡಳಿತದ ರೀತಿಯೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಪರಿಹಾರವೂ ಹೊಸ ಗೆರೆಗಳನ್ನು ಎಳೆಯುತ್ತದೆ. 371ಜೆ ವಿಧಿಯನ್ನು 2012ರಲ್ಲಿ ಸಂಸತ್ತು ಅಂಗೀಕರಿಸಿದುದರಿಂದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ವಿಶೇಷ ಅವಕಾಶ ದೊರೆಯಿತು. ಶತಮಾನಗಳ ಅಲಕ್ಷ್ಯಕ್ಕೆ ಅದು ನ್ಯಾಯವಾದ ಉತ್ತರ. ಆದರೆ ಅಂದು ಆ ನೆರೆಯವರ ಬಿಡುಗಡೆಗಾಗಿ ಶಿಬಿರ ಹೂಡಿದ ಮುಂಡರಗಿ ಇಂದು ಆ ಗೆರೆಯ ಹೊರಗಿದೆ. ಗಡಿಯ ಈಚಿನ ಬಡ ರೈತನ ಮಗಳಿಗೂ ಆಚಿನ ಬಡ ರೈತನ ಮಗಳಿಗೂ ಮಳೆ ಒಂದೇ, ಬರ ಒಂದೇ. ಅವಕಾಶ ಮಾತ್ರ ಬೇರೆ. ನೆರೆಯವರ ಭಾಗ್ಯವನ್ನು ನೋಡಿ ಕರುಬದೆ, ನಮ್ಮ ಕಷ್ಟವನ್ನು ಅಂಕಿಅಂಶಗಳೊಡನೆ ಮುಂದಿಡುವ ಪ್ರತಿನಿಧಿಗಳು ನಮಗೆ ಬೇಕು.

ಇಲ್ಲಿಯೇ ಇತ್ರೋವಿನ ಹತ್ತು ಮಂದಿಯ ಮೇಲಿನ ನಾಯಕ ನೆನಪಾಗುತ್ತಾನೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಹಳ್ಳಿಯವರು ಯಾವ ಮುಖ್ಯಮಂತ್ರಿಗಾಗಿಯೂ ಕಾಯಲಿಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರ ಶಾಸನದಂತೆ ಗದುಗಿನಲ್ಲಿಯೇ ನೆಲೆಗೊಂಡುದು ಈ ಪರಂಪರೆಗೆ ಸಂದ ಗೌರವ. ಆದರೆ ವಿಪರ್ಯಾಸ ನೋಡಿರಿ: ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅವುಗಳಿಗೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರಗಳ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಕಾರಣಗಳು ಸಾಲುಗಟ್ಟಿದವು. ಪಂಚಾಯತಿಯ ಪಾಠ ಹೇಳುವ ವಿಶ್ವವಿದ್ಯಾಲಯವಿರುವ ಜಿಲ್ಲೆಯಲ್ಲಿ ಚುನಾಯಿತ ಜಿಲ್ಲಾ ಪಂಚಾಯತಿ ಇಲ್ಲದೆ ಹೋದುದು ನಗುವ ಸಂಗತಿಯಲ್ಲ. ಮೋಶೆಯೊಬ್ಬನೇ ಮತ್ತೆ ಸಂಜೆಯವರೆಗೆ ಕುಳಿತಿದ್ದಾನೆ. ಜನ ಮತ್ತೆ ಸಾಲಿನಲ್ಲಿ ನಿಂತಿದ್ದಾರೆ.

ನಮ್ಮ ಪಾಲು

ಈ ನಾಲ್ಕು ಊರುಗಳಲ್ಲಿ ಕಥೋಲಿಕರಾದ ನಾವು ಎಣಿಕೆಯಲ್ಲಿ ಅಲ್ಪರು. ಇಷ್ಟು ಸಣ್ಣ ಸಮುದಾಯಕ್ಕೆ ರಾಜಕೀಯವೇಕೆ, ನಮ್ಮ ಪೂಜೆ, ನಮ್ಮ ಶಾಲೆ, ನಮ್ಮ ಮಕ್ಕಳ ನೌಕರಿ ಸಾಕು ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಈ ಮನೋಭಾವ ನಮ್ಮ ಹಿರಿಯರದಾಗಿರಲಿಲ್ಲ. ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿ ರಾಜಕುಮಾರಿ ಅಮೃತ ಕೌರ್ ಮತ್ತು ಡಾ. ಜಾನ್ ಮಥಾಯಿ ಎಂಬ ಇಬ್ಬರು ಕ್ರೈಸ್ತರಿದ್ದರು. ಪಂಡಿತ ನೆಹರೂರವರು ಆ ಮಂಡಲಕ್ಕೆ ಡಾ. ಅಂಬೇಡ್ಕರ್, ಶ್ಯಾಮಪ್ರಸಾದ ಮುಖರ್ಜಿ, ಷಣ್ಮುಖಂ ಚೆಟ್ಟಿ ಮುಂತಾದ ಅನ್ಯ ಪಕ್ಷ, ಅನ್ಯ ಮತದವರನ್ನು ಸೇರಿಸಿಕೊಂಡದ್ದೂ ಮೊದಲ ಸರಕಾರವು ವಿಜಯಿಗಳ ಸೊತ್ತಾಗಬಾರದೆಂಬ ವಿವೇಕದಿಂದಲೇ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿಯವರು ಕ್ರೈಸ್ತರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಅದೇ ಸಭೆಯ ಸದಸ್ಯರಾಗಿ, ಧಾರ್ಮಿಕ ಸ್ವಾತಂತ್ರ್ಯ ಹಾಗೂ ಅಲ್ಪಸಂಖ್ಯಾತರ ಹಕ್ಕುಗಳ ಪರವಾಗಿ ಎಲ್ಲರೂ ಮೆಚ್ಚುವಂತೆ ವಾದಿಸಿದರು. ಅಂದು ಕ್ರೈಸ್ತ ನಾಯಕರು ಶಾಸನಸಭೆಗಳಲ್ಲಿ ತಮಗೆ ಮೀಸಲು ಸ್ಥಾನಗಳು ಬೇಡವೆಂದರು. ನಾವು ಪ್ರತ್ಯೇಕ ಬಾಗಿಲಿನಿಂದ ಬರುವುದಿಲ್ಲ, ಎಲ್ಲರೂ ಬರುವ ಹೆಬ್ಬಾಗಿಲಿನಿಂದಲೇ ಬರುತ್ತೇವೆ ಎಂಬ ವಿಶ್ವಾಸ ಅದರ ಹಿಂದಿತ್ತು. ಪ್ರಶ್ನೆಯೆಂದರೆ, ಹೆಬ್ಬಾಗಿಲಿನಿಂದ ನಾವು ಒಳಗೆ ಬಂದೆವೇ, ಅಥವಾ ಹೊರಗಿನ ಕಟ್ಟೆಯ ಮೇಲೆಯೇ ಕುಳಿತುಬಿಟ್ಟೆವೇ?

ಸ್ಮಶಾನಕ್ಕೆ ಜಾಗ ಬೇಕಾದಾಗ, ಶಾಲೆಯ ಪರವಾನಗಿ ತಡವಾದಾಗ, ದೇವಾಲಯದ ಮುಂದಿನ ರಸ್ತೆ ಕೆಟ್ಟಾಗ ನಾವು ಜನಪ್ರತಿನಿಧಿಗಳ ಬಾಗಿಲು ತಟ್ಟುತ್ತೇವೆ. ಪಕ್ಕದ ಓಣಿಯ ನೀರಿಗಾಗಿ, ದಲಿತ ಕೇರಿಯ ಗಟಾರಿಗಾಗಿ, ಊರಿನ ಸರಕಾರಿ ಶಾಲೆಯ ಖಾಲಿ ಹುದ್ದೆಗಾಗಿ ನಾವು ಎಷ್ಟು ಬಾರಿ ಹೋಗಿದ್ದೇವೆ? ತನಗಾಗಿ ಮಾತ್ರ ಕೇಳುವವನು ಅತಿಥಿ. ಎಲ್ಲರಿಗಾಗಿ ಕೇಳುವವನು ಮನೆಯ ಮಗ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ರಾಜಕೀಯ ಸೇವೆಯನ್ನು ಶ್ಲಾಘಿಸಿ, ಸರ್ವರ ಹಿತಕ್ಕಾಗಿ ಮತದ ಹಕ್ಕನ್ನು ಚಲಾಯಿಸುವುದು ವಿಶ್ವಾಸಿಗಳ ಕರ್ತವ್ಯವೆಂದು ನೆನಪಿಸಿದೆ.

ಆದುದರಿಂದ ಕೆಲವು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಹದಿನೆಂಟು ತುಂಬಿದ ಮಕ್ಕಳ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಪ್ರತಿ ಕುಟುಂಬವೂ ನೋಡಲಿ. ಹಳ್ಳಿಯವರು ಗ್ರಾಮಸಭೆಗೆ, ಪಟ್ಟಣದವರು ತಮ್ಮ ವಾರ್ಡಿನ ಸಭೆಗೆ ತಪ್ಪದೆ ಹೋಗಲಿ. ಸಹಕಾರ ಸಂಘದ, ಶಾಲಾ ಸಮಿತಿಯ ಚುನಾವಣೆಗೆ ನಿಲ್ಲಲು ನಮ್ಮ ಮಹಿಳೆಯರು ಹಿಂಜರಿಯದಿರಲಿ. ನಮ್ಮ ಯುವಕರು ವಿದೇಶದ ವೀಸಾಕ್ಕಾಗಿ ಪಡುವ ಶ್ರಮದ ಅರ್ಧವನ್ನಾದರೂ ರಾಜ್ಯ ಸೇವಾ ಪರೀಕ್ಷೆಗಳಿಗೆ ಮೀಸಲಿಡಲಿ. ಲಂಚಕ್ಕೆ ಹೇಸುವವರು ಬೇಕೆಂದು ಇತ್ರೋ ಹೇಳಿದ. ಅಂಥವರನ್ನು ಬೆಳೆಸುವುದು ಕುಟುಂಬದ ಊಟದ ಪಂಕ್ತಿಯಲ್ಲಿಯೇ.

ಕೊನೆಯದಾಗಿ ನಮ್ಮ ಧರ್ಮಕೇಂದ್ರಗಳ ಒಳಗೂ ಒಮ್ಮೆ ನೋಡಿಕೊಳ್ಳೋಣ. ರಾಜ್ಯ ಒಂದಾಗುವ ಮೂರು ವರ್ಷ ಮೊದಲೇ, 1953ರ ಸೆಪ್ಟೆಂಬರಿನಲ್ಲಿ, ಗೋವೆ ಮತ್ತು ಪುಣೆಗೆ ಸೇರಿದ್ದ ಪ್ರದೇಶಗಳನ್ನು ಕೂಡಿಸಿ ಬೆಳಗಾವಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು. ಪ್ರಥಮ ಧರ್ಮಾಧ್ಯಕ್ಷರಾದ ಮೈಕಲ್ ರೊಡ್ರಿಗಸ್ ಅವರ ಮುಂದೆಯೂ ಕೊಂಕಣಿ, ಮರಾಠಿ, ಕನ್ನಡ ಭಾಷೆಗಳ ಮಕ್ಕಳು ಒಂದೇ ಮನೆಯವರಾಗಬೇಕಾದ ಕಾರ್ಯವಿತ್ತು. ಆ ಕಾರ್ಯ ಮುಗಿದುಹೋದುದಲ್ಲ. ಇಂದು ನಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ಕುಳಿತು, ತಾನು ಹೊರಗಿನವಳೆಂದುಕೊಳ್ಳುವ ಗ್ರೀಕ್ ವಿಧವೆ ಯಾರು? ಹಳ್ಳಿಯಿಂದ ಬಂದ ಕೂಲಿಯವಳೇ? ಬೇರೆ ಭಾಷೆಯಾಡುವ ಕುಟುಂಬವೇ? ಹೊಸದಾಗಿ ವಿಶ್ವಾಸಕ್ಕೆ ಬಂದವರೇ? ಅವರಲ್ಲೊಬ್ಬರು ನಮ್ಮ ಪಾಲನಾ ಸಮಿತಿಯಲ್ಲಿ ಇದ್ದಾರೆಯೇ? ಇಲ್ಲವಾದರೆ ವಿಧಾನಸೌಧಕ್ಕೆ ಬುದ್ಧಿ ಹೇಳುವ ಹಕ್ಕು ನಮಗೆ ಕಡಿಮೆ.

ಲಕ್ಷ್ಮೇಶ್ವರದ ಆ ಹಿರಿಯರ ಬಳಿಗೆ ಮರಳೋಣ. ಎರಡು ರಾಜ್ಯ, ಮೂರು ಹೆಸರು, ಎರಡು ಜಿಲ್ಲೆ, ಎರಡು ತಾಲೂಕುಗಳನ್ನು ಅವರು ಕುಳಿತಲ್ಲಿಯೇ ಕಂಡರು. ಪ್ರತಿ ಬದಲಾವಣೆಯ ದಿನವೂ ಧ್ವಜವೇರಿತು, ಭಾಷಣಗಳಾದವು, ಸಿಹಿ ಹಂಚಲಾಯಿತು. ಅವರು ಕೇಳಿದ್ದು ಒಂದೇ: ನನ್ನ ಅರ್ಜಿಯನ್ನು ಓದುವವರಿದ್ದಾರೆಯೇ? ಹೌದೆಂಬ ಉತ್ತರ ಅವರ ಹೊಸ್ತಿಲಿಗೆ ತಲುಪಿದ ದಿನವೇ ನಾಡಿನ ಮೊದಲ ಸರಕಾರ ರಚನೆಯಾದ ದಿನ. ಆ ಉತ್ತರವನ್ನು ಹೊತ್ತೊಯ್ಯುವವರಲ್ಲಿ ನಮ್ಮ ಮನೆಯ ಮಕ್ಕಳೂ ಇರುವಂತಾಗಲಿ ಎಂದು ಪ್ರಭುವಿನಲ್ಲಿ ಪ್ರಾರ್ಥಿಸೋಣ.